ಒಂದು ದೊಡ್ಡ ಮೂರ್ತಿ, ಏಳು ಪುಟ್ಟ ಮೂರ್ತಿಗಳು

ಆ ಛಾಯಾಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. 1939ರ ಫೆಬ್ರುವರಿ. ವಾಲ್ಟ್ ಡಿಸ್ನಿ, ಅವರ ಜೊತೆಯಲ್ಲಿ ಹತ್ತು ವರ್ಷದ ಬಾಲನಟಿ ಶರ್ಲಿ ಟೆಂಪಲ್. ಅವರ ಬಳಿ ಪೂರ್ಣ ಗಾತ್ರದ ಒಂದು ಆಸ್ಕರ್ ಮೂರ್ತಿ, ಅದರ ಬದಿಯಲ್ಲಿ ಮೆಟ್ಟಿಲು ಇಳಿದ ಹಾಗೆ ಏಳು ಪುಟ್ಟ ಮೂರ್ತಿಗಳು. ‘ಸ್ನೋ ವೈಟ್ ಆ್ಯಂಡ್ ದಿ ಸೆವೆನ್ ಡ್ವಾರ್ಫ್ಸ್’ ಚಿತ್ರಕ್ಕೆ ಆಸ್ಕರ್ ನೀಡುವ ಅಮೆರಿಕದ ಅಕಾಡೆಮಿ ಕೊಟ್ಟ ಗೌರವ ಪ್ರಶಸ್ತಿ ಅದು.

ಬಹಳ ಕಾಲ ಆ ಚಿತ್ರ ನನಗೆ ಅಚ್ಚುಮೆಚ್ಚಾಗಿತ್ತು. ಈಗಲೂ ಮುದ್ದಾಗಿಯೇ ಕಾಣುತ್ತದೆ. ಆದರೆ ಈಚೀಚೆಗೆ ಆ ಮುದ್ದುತನವೇ ನನ್ನನ್ನು ಕಾಡುತ್ತಿದೆ. ‘ಸ್ನೋ ವೈಟ್’ ಮೊದಲ ಪ್ರದರ್ಶನ ಕಂಡದ್ದು 1937ರ ಡಿಸೆಂಬರ್‌ನಲ್ಲಿ. ಆ ಸಾಲಿನ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಒಟ್ಟು 10 ಸ್ಥಾನಗಳಿದ್ದವು. ಹತ್ತರಲ್ಲಿ ಒಂದೂ ಇದಕ್ಕೆ ಸಿಗಲಿಲ್ಲ. ಸಂಗೀತಕ್ಕೆ ಮಾತ್ರ ಒಂದು ನಾಮನಿರ್ದೇಶನ ಬಂತು. ಮರುವರ್ಷ ಈ ವಿಶೇಷ ಗೌರವ. ಅದರ ಪ್ರಶಸ್ತಿ ವಾಕ್ಯವು ಚಿತ್ರ ಲಕ್ಷಾಂತರ ಜನರ ಮನಸೆಳೆದದ್ದನ್ನೂ, ಕಾರ್ಟೂನಿಗೆ ಮನರಂಜನೆಯ ಹೊಸ ಕ್ಷೇತ್ರವೊಂದನ್ನು ತೆರೆದುಕೊಟ್ಟದ್ದನ್ನೂ ಕೊಂಡಾಡುತ್ತದೆ. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿ, ಕೂರಲು ಮಾತ್ರ ಬೇರೆ ಕಡೆ ಕುರ್ಚಿ ತೋರಿಸಿದ ಹಾಗಿದೆ ಅಷ್ಟೆ. ಮುಂದಿನ ಎಂಬತ್ತೈದು ವರ್ಷಗಳ ಕಥೆಯೆಲ್ಲ ಆ ಒಂದು ಫೋಟೊದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಇದನ್ನು ಬರೆಯಲು ನನಗೊಂದು ಸ್ವಂತ ಕಾರಣವೂ ಇದೆ. ಹಲವು ವರ್ಷಗಳ ಹಿಂದೆ ನಾನು ಒಂದು ಚಿತ್ರ ಸಮಾಜದ ಸದಸ್ಯನಾಗಿದ್ದೆ. ತಿಂಗಳಿಗೊಂದು ಸಿನಿಮಾ, ಆಮೇಲೆ ಚರ್ಚೆ. ಯುದ್ಧದ ಕುರಿತ ಚಿತ್ರಗಳ ಸರಣಿಗೆ ಹೆಸರುಗಳನ್ನು ಕೇಳಿದಾಗ ನಾನು ಜಪಾನಿನ ನಿರ್ದೇಶಕ ಇಸಾವೊ ತಕಹಾತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಸೂಚಿಸಿದೆ. ಪಟ್ಟಿ ತಯಾರಿಸುತ್ತಿದ್ದ ಹಿರಿಯರು ಬಹಳ ಸೌಜನ್ಯದಿಂದ, ‘ಕಾರ್ಟೂನು ತಾನೇ? ಮಕ್ಕಳ ಶಿಬಿರಕ್ಕೆ ಇಟ್ಟುಕೊಳ್ಳೋಣ’ ಎಂದರು. ಆ ಚಿತ್ರ ಶುರುವಾಗುವುದೇ 1945ರ ಸೆಪ್ಟೆಂಬರಿನಲ್ಲಿ, ರೈಲು ನಿಲ್ದಾಣದ ಕಂಬಕ್ಕೆ ಒರಗಿ ಹಸಿವಿನಿಂದ ಸಾಯುತ್ತಿರುವ ಹುಡುಗನಿಂದ. ಅವನ ತಂಗಿ ಅದಾಗಲೇ ಹೋಗಿಬಿಟ್ಟಿದ್ದಾಳೆ. ಯುದ್ಧ ಎಂದರೇನು ಎಂಬುದನ್ನು ಇಷ್ಟು ನಿಷ್ಠುರವಾಗಿ ಹೇಳಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ಆ ಹಿರಿಯರಿಗೆ ಅನಿಮೇಷನ್ ಮೇಲೆ ದ್ವೇಷವೇನೂ ಇರಲಿಲ್ಲ. ಮೊಮ್ಮಕ್ಕಳ ಜೊತೆ ಕೂತು ಎಷ್ಟೋ ಚಿತ್ರಗಳನ್ನು ನಕ್ಕು ನೋಡಿದವರೇ. ಈ ಚಿತ್ರವನ್ನು ಅವರು ನೋಡಿರಲಿಲ್ಲ, ನೋಡಬೇಕಾದದ್ದು ಎಂದು ಅವರಿಗೆ ಅನ್ನಿಸಿಯೂ ಇರಲಿಲ್ಲ.

ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಒಂದೇ ಮಾತಾಗಿ ನಿಂತಿದೆ: ಮೆಚ್ಚುಗೆ ಬೇರೆ, ಗಮನ ಬೇರೆ. ಅನಿಮೇಷನ್ ಚಿತ್ರಗಳಿಗೆ, ಜನಸಾಗರ ನೋಡುವ ಬೃಹತ್ ಚಿತ್ರಗಳಿಗೆ ಮೆಚ್ಚುಗೆಯ ಕೊರತೆ ಎಂದೂ ಆಗಿಲ್ಲ. ಕೊರತೆ ಇರುವುದು ಗಮನಕ್ಕೆ.

ರಾಟನ್ ಟೊಮ್ಯಾಟೋಸ್ ಜಾಲತಾಣದ ಶೇಕಡಾವಾರು ಅಂಕವನ್ನೇ ನೋಡಿ. ಎಷ್ಟು ಮಂದಿ ವಿಮರ್ಶಕರು ‘ಪರವಾಗಿಲ್ಲ, ನೋಡಬಹುದು’ ಎಂಬ ಗೆರೆಯ ಮೇಲಿದ್ದಾರೆ ಎಂಬುದನ್ನಷ್ಟೇ ಅದು ಲೆಕ್ಕ ಹಾಕುತ್ತದೆ. ಎಷ್ಟು ಆಳವಾಗಿ ಮೆಚ್ಚಿದರು ಎಂಬುದು ಆ ಅಂಕಿಯಲ್ಲಿ ಬರುವುದಿಲ್ಲ. ಅಚ್ಚುಕಟ್ಟಾಗಿ ಮಾಡಿದ ಅನಿಮೇಷನ್ ಚಿತ್ರ ಇಲ್ಲಿ ಸಲೀಸಾಗಿ ಶೇಕಡಾ 95 ಮುಟ್ಟಿಬಿಡುತ್ತದೆ. ಆದರೆ ಆ ವಿಮರ್ಶೆಗಳನ್ನು ಬಿಡಿಸಿ ಓದಿದರೆ ಬಹುಪಾಲು ಒಂದೇ ಧಾಟಿ: ಕಣ್ಣಿಗೆ ಹಬ್ಬ, ಮನಮುಟ್ಟುವ ಕಥೆ, ದೊಡ್ಡವರೂ ನೋಡಬಹುದು. ‘ದೊಡ್ಡವರೂ’ ಎಂಬ ಆ ‘ಊ’ಕಾರ ನನಗೆ ಯಾವಾಗಲೂ ಚುಚ್ಚುತ್ತದೆ. ಕ್ಯಾಮೆರಾ ಎಲ್ಲಿಟ್ಟರು, ಕತ್ತರಿ ಎಲ್ಲಿ ಬಿತ್ತು, ಒಂದು ಮುಖ ತಿರುಗಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಬರೆಯುವವರು ಕಡಿಮೆ.

ಹಾಗೆ ನೋಡಿದರೆ ಏನು ಸಿಗುತ್ತದೆ ಎಂಬುದಕ್ಕೆ ಒಂದು ಗುಡ್ಡವನ್ನು ತೋರಿಸುತ್ತೇನೆ. ‘ಅಪ್’ ಚಿತ್ರದ ಆರಂಭದಲ್ಲಿ ಕಾರ್ಲ್ ಮತ್ತು ಎಲ್ಲಿ ಎಂಬ ದಂಪತಿಯ ಇಡೀ ದಾಂಪತ್ಯ ಸುಮಾರು ನಾಲ್ಕು ನಿಮಿಷಗಳಲ್ಲಿ, ಮಾತೇ ಇಲ್ಲದೆ, ಮೈಕೆಲ್ ಜಕೀನೊ ಅವರ ಸಂಗೀತದ ಮೇಲೆ ಸಾಗಿಹೋಗುತ್ತದೆ. ಎಲ್ಲರಿಗೂ ನೆನಪಿರುವುದು ಅದು ಅಳಿಸಿತು ಎಂದು. ಹೇಗೆ ಅಳಿಸಿತು? ಮೊದಲು ಹೆಂಡತಿ ಎಲ್ಲಿ ಆ ಗುಡ್ಡವನ್ನು ಓಡಿ ಏರುತ್ತಾಳೆ. ಕಾರ್ಲ್ ಬುಟ್ಟಿ ಹಿಡಿದು ಏದುಸಿರು ಬಿಡುತ್ತ ಹಿಂದೆ ಬರುತ್ತಾನೆ. ಕೊನೆಗೆ ಅದೇ ಗುಡ್ಡ, ಅದೇ ಬುಟ್ಟಿ. ಈಗ ಮುದುಕ ಕಾರ್ಲ್ ಮುಂದೆ ಇದ್ದಾನೆ. ಆ ಬುಟ್ಟಿಯಲ್ಲಿ ಅವರು ಜೀವಮಾನವೆಲ್ಲ ಕನಸು ಕಂಡ ಪ್ರವಾಸದ ಟಿಕೆಟ್ ಇದೆ. ಎಲ್ಲಿ ಹಿಂದೆ ಉಳಿಯುತ್ತಾಳೆ, ತಡವರಿಸುತ್ತಾಳೆ, ಬೀಳುತ್ತಾಳೆ. ಯಾರು ಮುಂದೆ, ಯಾರು ಹಿಂದೆ ಎಂಬ ಒಂದೇ ಅದಲುಬದಲಿನಲ್ಲಿ ಐವತ್ತು ವರ್ಷ ಕಳೆದದ್ದು ಗೊತ್ತಾಗುತ್ತದೆ. ಗುಡ್ಡ ಮಾತ್ರ ಇದ್ದ ಹಾಗೆ ಇದೆ. ಇದನ್ನು ನಾನು ಎರಡನೇ ಸಲ ನೋಡಿದಾಗ ಕಂಡುಕೊಂಡೆ, ಮತ್ತು ಕಂಡುಕೊಂಡ ಮೇಲೆ ಮೊದಲ ಸಲಕ್ಕಿಂತ ಹೆಚ್ಚು ಅತ್ತೆ. ಇದು ನಿರ್ದೇಶನ. ಆದರೆ ಅನಿಮೇಷನ್ ಚಿತ್ರ ಮಾಡಿದ ಒಬ್ಬರೇ ಒಬ್ಬರು ಆ ಕೆಲಸಕ್ಕಾಗಿ ಇಂದಿನವರೆಗೆ ಅತ್ಯುತ್ತಮ ನಿರ್ದೇಶಕರ ಆಸ್ಕರ್ ನಾಮನಿರ್ದೇಶನ ಪಡೆದಿಲ್ಲ.

‘ಅಪ್’ಗೆ ಒಂದು ಭಾಗ್ಯವಂತೂ ಸಿಕ್ಕಿತು. ಅತ್ಯುತ್ತಮ ಚಿತ್ರದ ಪಟ್ಟಿಗೆ ಬಂದ ಅನಿಮೇಷನ್ ಚಿತ್ರಗಳು ಮೂರೇ ಮೂರು: 1991ರ ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’, 2009ರ ‘ಅಪ್’, 2010ರ ‘ಟಾಯ್ ಸ್ಟೋರಿ 3’. ಇವುಗಳಲ್ಲಿ ಮೊದಲನೆಯದರ ಸಾಧನೆ ದೊಡ್ಡದು. ಆಗ ಪಟ್ಟಿಯಲ್ಲಿ ಐದೇ ಸ್ಥಾನ. ಆ ಚಿತ್ರವನ್ನು ಪೂರ್ತಿಯಾಗುವ ಮೊದಲೇ ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ತೋರಿಸಲಾಗಿತ್ತು. ಕೆಲವು ದೃಶ್ಯಗಳು ಇನ್ನೂ ಬರಿಯ ಪೆನ್ಸಿಲ್ ಗೆರೆಗಳಾಗಿದ್ದವು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಣ್ಣ ತುಂಬದ ರೇಖೆಗಳ ಮುಂದೆ ಕೂತವರಿಗೆ ಅಂದು ‘ಕಣ್ಣಿಗೆ ಹಬ್ಬ’ ಎಂದು ಹೇಳಿ ಮುಗಿಸಲು ಸಾಧ್ಯವೇ ಇರಲಿಲ್ಲ. ಕೈ ಬರೆದ ಗೆರೆ, ಅದರ ಹಿಂದಿನ ಯೋಚನೆ ಎರಡೂ ಬೆತ್ತಲಾಗಿ ಎದುರಿಗಿದ್ದವು. ಆರು ನಾಮನಿರ್ದೇಶನಗಳು ಬಂದವು. ಅದರಲ್ಲಿ ಮೂರು ಹಾಡುಗಳಿಗೇ. ಅತ್ಯುತ್ತಮ ಚಿತ್ರ ಪ್ರಶಸ್ತಿ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ಗೆ ಹೋಯಿತು. ಅದಕ್ಕೆ ನನ್ನ ತಕರಾರಿಲ್ಲ. ಒಂದೇ ಸಾಲಿನಲ್ಲಿ ಕೂತು ಸೋತದ್ದಕ್ಕೆ ಒಂದು ಘನತೆ ಇದೆ.

ಹತ್ತು ವರ್ಷಗಳ ನಂತರ ಅನಿಮೇಷನ್‌ಗೆಂದೇ ಪ್ರತ್ಯೇಕ ವಿಭಾಗ ಬಂತು. 2002ರ ಮಾರ್ಚಿನಲ್ಲಿ ನಡೆದ ಸಮಾರಂಭದಲ್ಲಿ ‘ಶ್ರೆಕ್’ ಮೊದಲ ಪ್ರಶಸ್ತಿ ಗೆದ್ದಿತು. ಮರುವರ್ಷ ಜಪಾನಿನ ಮಿಯಾಝಾಕಿ ಅವರ ‘ಸ್ಪಿರಿಟೆಡ್ ಅವೇ’. ಇದೇ ‘ಸ್ಪಿರಿಟೆಡ್ ಅವೇ’ 2002ರ ಬರ್ಲಿನ್ ಚಿತ್ರೋತ್ಸವದಲ್ಲಿ ಅಲ್ಲಿನ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಬೇರ್ ಹಂಚಿಕೊಂಡಿತ್ತು, ಎಲ್ಲ ಬಗೆಯ ಚಿತ್ರಗಳ ನಡುವೆ ಸ್ಪರ್ಧಿಸಿ. ಒಂದು ಕಡೆ ಎಲ್ಲರೊಂದಿಗೆ ಗೆದ್ದ ಚಿತ್ರ, ಇನ್ನೊಂದು ಕಡೆ ತನ್ನವರ ನಡುವೆ ಗೆದ್ದದ್ದು. ಈ ಎರಡು ಗೆಲುವುಗಳ ನಡುವಿನ ಅಂತರವನ್ನೇ ನಾನು ಪಂಕ್ತಿಭೇದ ಎನ್ನುವುದು. ಬಡಿಸಿದ್ದರಲ್ಲಿ ಕಡಿಮೆ ಏನೂ ಇಲ್ಲ, ಸಾಲು ಮಾತ್ರ ಬೇರೆ.

ಇಷ್ಟು ಬರೆದ ಮೇಲೆ ನನ್ನೊಳಗಿನ ಅಳುಕನ್ನೂ ಹೇಳಬೇಕು. ಆ ವಿಭಾಗ ಇಲ್ಲದಿದ್ದರೆ ಐರ್ಲೆಂಡಿನ ಪುಟ್ಟ ಸ್ಟುಡಿಯೊ ಕಾರ್ಟೂನ್ ಸಲೂನ್ ಹೆಸರು ನನ್ನ ಕಿವಿಗೆ ಬೀಳುತ್ತಿತ್ತೇ? ಅವರ ‘ದಿ ಸೀಕ್ರೆಟ್ ಆಫ್ ಕೆಲ್ಸ್’ ನಾಮನಿರ್ದೇಶನ ಪಡೆದದ್ದರಿಂದಲೇ ನಾನು ಅದನ್ನು ಹುಡುಕಿ ನೋಡಿದೆ. ಪುಟ್ಟ ದೇಶಗಳ, ಪುಟ್ಟ ತಂಡಗಳ ಎಷ್ಟೋ ಚಿತ್ರಗಳಿಗೆ ಈ ಬಾಗಿಲು ಇರದಿದ್ದರೆ ಯಾವ ಬಾಗಿಲೂ ಇರುತ್ತಿರಲಿಲ್ಲ. ಹಾಗಾಗಿ ವಿಭಾಗವನ್ನು ರದ್ದು ಮಾಡಿ ಎಂದು ನಾನು ಹೇಳಲಾರೆ. ಆದರೆ ಮತ ಹಾಕುವವರ ಮನಸ್ಸಿನಲ್ಲಿ ಅದು ಒಂದು ಸಮಾಧಾನವಾಗಿ ಕೂತುಬಿಟ್ಟಿದೆ: ಅವರಿಗೆ ಅವರದೇ ಪ್ರಶಸ್ತಿ ಇದೆಯಲ್ಲ. 2008ರಲ್ಲಿ ‘ವಾಲ್-ಇ’ ಚಿತ್ರವನ್ನು ಲಾಸ್ ಏಂಜಲೀಸ್ ವಿಮರ್ಶಕರ ಸಂಘ ಆ ವರ್ಷದ ಅತ್ಯುತ್ತಮ ಚಿತ್ರವೆಂದೇ ಆರಿಸಿತು. ಅಕಾಡೆಮಿ ಆರು ನಾಮನಿರ್ದೇಶನ ಕೊಟ್ಟು, ಅತ್ಯುತ್ತಮ ಚಿತ್ರದ ಪಟ್ಟಿಯಿಂದ ಹೊರಗಿಟ್ಟಿತು. ವರ್ಷವಿಡೀ ಸಿನಿಮಾ ನೋಡುವುದೇ ಕಸುಬಾದವರು ಒಂದು ತೀರ್ಪು ಕೊಟ್ಟರು, ನೋಡಲು ಪುರುಸೊತ್ತು ಹುಡುಕಬೇಕಾದವರು ಇನ್ನೊಂದು.

ಅದೇ ವರ್ಷ ಹೊರಗುಳಿದ ಇನ್ನೊಂದು ಚಿತ್ರ ‘ದಿ ಡಾರ್ಕ್ ನೈಟ್’. ಎಂಟು ನಾಮನಿರ್ದೇಶನ, ಎರಡು ಪ್ರಶಸ್ತಿ, ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಹೆಸರಿಲ್ಲ. ಜನರ ಅಸಮಾಧಾನ ಎಷ್ಟಿತ್ತೆಂದರೆ 2009ರ ಜೂನ್‌ನಲ್ಲಿ ಅಕಾಡೆಮಿ ಪಟ್ಟಿಯನ್ನು ಐದರಿಂದ ಹತ್ತಕ್ಕೆ ಏರಿಸಿತು. ಚರ್ಚೆಯಲ್ಲಿ ಆ ಚಿತ್ರದ ಹೆಸರು ಬಂದದ್ದನ್ನು ಅಂದಿನ ಅಧ್ಯಕ್ಷರೇ ಒಪ್ಪಿಕೊಂಡರು. ‘ಅಪ್’ ಮತ್ತು ‘ಟಾಯ್ ಸ್ಟೋರಿ 3’ ಒಳಬಂದದ್ದು ಹೀಗೆ ಅಗಲವಾದ ಬಾಗಿಲಿನಿಂದಲೇ. ಮುಂದೆ ಸಂಖ್ಯೆಯ ನಿಯಮ ಬದಲಾಯಿತು, ಮತ್ತೆ ಹತ್ತಕ್ಕೇ ಬಂದು ನಿಂತಿತು. ಅನಿಮೇಷನ್ ಚಿತ್ರ ಮಾತ್ರ ಮರಳಿ ಒಳಗೆ ಬರಲಿಲ್ಲ.

ಜನಪ್ರಿಯ ಬೃಹತ್ ಚಿತ್ರಗಳನ್ನೂ ಅನಿಮೇಷನ್‌ನ ಜೊತೆಗೇ ಇಟ್ಟು ಮಾತಾಡಲು ನನಗೊಂದು ಕಾರಣವಿದೆ. ಎರಡರ ವಿಷಯದಲ್ಲೂ ತಪ್ಪು ಒಂದೇ ಕಡೆ ಆಗುತ್ತದೆ. ನಟನ ಮುಖದಲ್ಲಿ ಕಾಣುವುದನ್ನು ಕಲೆ ಎಂದೂ, ಉಳಿದದ್ದನ್ನು ತಂತ್ರ ಎಂದೂ ವಿಂಗಡಿಸುವ ಅಭ್ಯಾಸ ಅದು. 1975ರ ‘ಜಾಸ್’ ನೆನಪಿಸಿಕೊಳ್ಳಿ. ಬೇಸಿಗೆಯ ಬ್ಲಾಕ್‌ಬಸ್ಟರ್ ಎಂಬ ಪದ್ಧತಿಯೇ ಶುರುವಾದದ್ದು ಅದರಿಂದ ಎನ್ನುತ್ತಾರೆ. ಅದರಲ್ಲಿ ಪೊಲೀಸ್ ಅಧಿಕಾರಿ ಬ್ರೋಡಿ ಕಡಲತೀರದಲ್ಲಿ ಕೂತು ನೀರನ್ನೇ ನೋಡುತ್ತಿರುವ ದೃಶ್ಯವೊಂದಿದೆ. ಶಾರ್ಕ್ ಇದೆ ಎಂದು ಅವನಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ಬಣ್ಣಬಣ್ಣದ ಈಜುಡುಗೆಯ ಜನ ಕ್ಯಾಮೆರಾಗೆ ಅಡ್ಡವಾಗಿ ಹಾದುಹೋಗುತ್ತಾರೆ. ಒಬ್ಬರು ಹಾದುಹೋದಾಗ ತೆರೆ ಒಂದು ಕ್ಷಣ ಮುಚ್ಚುತ್ತದೆ, ತೆರೆದಾಗ ನಾವು ಬ್ರೋಡಿಗೆ ಇನ್ನಷ್ಟು ಹತ್ತಿರವಾಗಿದ್ದೇವೆ. ಮತ್ತೊಬ್ಬರು ಹಾದುಹೋಗುತ್ತಾರೆ, ಮತ್ತಷ್ಟು ಹತ್ತಿರ. ಕತ್ತರಿ ಬಿದ್ದದ್ದು ಕಣ್ಣಿಗೆ ಕಾಣುವುದಿಲ್ಲ, ಎದೆಗೆ ಮಾತ್ರ ತಿಳಿಯುತ್ತದೆ. ಮೊದಲ ಸಲ ಇದನ್ನು ಗಮನಿಸಿದ ದಿನ ನಾನು ಆ ದೃಶ್ಯವನ್ನು ಆರು ಸಲ ಹಿಂದಕ್ಕೆ ಓಡಿಸಿ ನೋಡಿದೆ.

ಸಂಕಲನಕ್ಕಾಗಿ ವರ್ನಾ ಫೀಲ್ಡ್ಸ್ ಅವರಿಗೆ ಆಸ್ಕರ್ ಬಂತು, ಸಲ್ಲಬೇಕಾದದ್ದೇ ಸಂದಿತು. ಸಂಗೀತಕ್ಕೂ ಧ್ವನಿಗೂ ಬಂತು. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲೂ ‘ಜಾಸ್’ ಇತ್ತು. ನಿರ್ದೇಶಕರ ಪಟ್ಟಿಯಲ್ಲಿ ಮಾತ್ರ ಅದನ್ನು ನಿರ್ದೇಶಿಸಿದ ಸ್ಪಿಲ್‌ಬರ್ಗ್ ಇರಲಿಲ್ಲ. ನಾಮನಿರ್ದೇಶನಗಳ ಪ್ರಕಟಣೆಯನ್ನು ಟಿವಿಯಲ್ಲಿ ನೋಡುತ್ತಿರುವ ಯುವ ಸ್ಪಿಲ್‌ಬರ್ಗ್ ಅವರ ದೃಶ್ಯದ ತುಣುಕೊಂದು ಇದೆ. ತನ್ನ ಜಾಗ ಇಟಲಿಯ ನಿರ್ದೇಶಕ ಫೆಲಿನಿಗೆ ಹೋಯಿತೆಂದು ತಿಳಿದು ಅವರ ಮುಖ ಬಾಡುವುದು ಅದರಲ್ಲಿ ಕಾಣುತ್ತದೆ. ಭಾಗ ಭಾಗವಾಗಿ ಎಲ್ಲರ ಕೆಲಸವೂ ಶ್ರೇಷ್ಠ, ಆದರೆ ಅದೆಲ್ಲವನ್ನೂ ಒಂದಾಗಿ ಕಂಡ ಕಣ್ಣಿಗೆ ಮನ್ನಣೆ ಇಲ್ಲ. ಎರಡು ವರ್ಷಗಳ ನಂತರದ ‘ಸ್ಟಾರ್ ವಾರ್ಸ್’ ಕಥೆಯೂ ಇಂಥದ್ದೇ: ಹತ್ತು ನಾಮನಿರ್ದೇಶನ, ಆರು ಪ್ರಶಸ್ತಿ, ಮೇಲೊಂದು ವಿಶೇಷ ಪ್ರಶಸ್ತಿ, ಅತ್ಯುತ್ತಮ ಚಿತ್ರ ‘ಆ್ಯನಿ ಹಾಲ್’. 1982ರ ಸಾಲಿನಲ್ಲಿ ‘ಇ.ಟಿ.’ ಚಿತ್ರವನ್ನು ಸೋಲಿಸಿದ್ದು ನಮಗೆಲ್ಲ ಹತ್ತಿರದ ‘ಗಾಂಧಿ’. ಎಂಟು ಪ್ರಶಸ್ತಿ ಗೆದ್ದ ಆ ಚಿತ್ರದ ಬಗ್ಗೆ ನನಗೂ ಪ್ರೀತಿ ಇದೆ. ಆದರೆ ಅದನ್ನು ನಿರ್ದೇಶಿಸಿದ ರಿಚರ್ಡ್ ಅಟೆನ್‌ಬರೊ ಅವರೇ, ಗೆಲ್ಲಬೇಕಾದದ್ದು ‘ಇ.ಟಿ.’ ಎಂಬ ಅಭಿಪ್ರಾಯವನ್ನು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು. ಎದುರಾಳಿಯ ಕೆಲಸವನ್ನು ನಿಜವಾಗಿ ನೋಡಿದ ಒಬ್ಬ ಕಲಾವಿದನ ಮಾತು ಅದು. ವಿಷಯದ ತೂಕವನ್ನೇ ಕೃತಿಯ ತೂಕವೆಂದು ಅಳೆದುಬಿಡುವುದು ಎಷ್ಟು ಸುಲಭ ಎಂಬುದು ಅವರಿಗೆ ಗೊತ್ತಿದ್ದಿರಬೇಕು.

ಬೃಹತ್ ಚಿತ್ರಗಳು ಗೆದ್ದೇ ಇಲ್ಲ ಎಂದಲ್ಲ. ‘ಟೈಟಾನಿಕ್’ 11, ‘ದಿ ರಿಟರ್ನ್ ಆಫ್ ದಿ ಕಿಂಗ್’ ಸ್ಪರ್ಧಿಸಿದ 11ಕ್ಕೆ 11. ಹತ್ತಿರದಲ್ಲಿ ‘ಆಪನ್‌ಹೈಮರ್’ ಏಳು ಗೆದ್ದಿತು. ಆದರೆ ‘ರಿಟರ್ನ್ ಆಫ್ ದಿ ಕಿಂಗ್’ನ ಆ ಹನ್ನೊಂದರಲ್ಲಿ ನಟನೆಗೆ ಒಂದೂ ಇಲ್ಲ, ನಾಮನಿರ್ದೇಶನವೂ ಇರಲಿಲ್ಲ. ಆ ‘ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯ ಗೋಲಮ್ ಎಂಬ ಜೀವಕ್ಕೆ ದೇಹವನ್ನೂ ದನಿಯನ್ನೂ ಕೊಟ್ಟ ಆ್ಯಂಡಿ ಸರ್ಕಿಸ್ ಅವರನ್ನು ಅಕಾಡೆಮಿ ನಟರೆಂದು ಗುರುತಿಸಲೇ ಇಲ್ಲ. ತನ್ನೊಡನೆ ತಾನೇ ಜಗಳವಾಡುವ ಆ ಜೀವದ ಕಣ್ಣಲ್ಲಿ ದೀನತೆ, ಕಪಟ ಎರಡೂ ಒಂದರ ಬೆನ್ನಿಗೊಂದು ಬಂದುಹೋಗುವುದನ್ನು ನೋಡಿದ ಯಾರಿಗೂ ಅದು ನಟನೆಯೇ ಎಂಬ ಅನುಮಾನ ಬರಲಾರದು. ಬರಿಯ ಕಂಠದಾನಕ್ಕಂತೂ ನಟನೆಯ ಆಸ್ಕರ್ ನಾಮನಿರ್ದೇಶನ ಇಂದಿಗೂ ಬಂದಿಲ್ಲ.

2018ರ ಆಗಸ್ಟ್‌ನಲ್ಲಿ ಅಕಾಡೆಮಿ ‘ಜನಪ್ರಿಯ ಚಿತ್ರ’ಕ್ಕೆಂದು ಹೊಸ ವಿಭಾಗವೊಂದನ್ನು ಘೋಷಿಸಿತು. ಅದು ‘ಬ್ಲ್ಯಾಕ್ ಪ್ಯಾಂಥರ್’ ಬಂದ ವರ್ಷ. ಟೀಕೆ ಎಷ್ಟು ಜೋರಾಯಿತೆಂದರೆ ಒಂದು ತಿಂಗಳೊಳಗೆ ಯೋಜನೆಯನ್ನು ಬದಿಗಿಡಬೇಕಾಯಿತು. ‘ಬ್ಲ್ಯಾಕ್ ಪ್ಯಾಂಥರ್’ ಮುಖ್ಯ ಪಟ್ಟಿಗೇ ಬಂತು, ಅಲ್ಲಿಗೆ ಬಂದ ಮೊದಲ ಸೂಪರ್‌ಹೀರೊ ಚಿತ್ರವಾಗಿ. ವಸ್ತ್ರವಿನ್ಯಾಸ, ನಿರ್ಮಾಣ ವಿನ್ಯಾಸ, ಸಂಗೀತಕ್ಕೆ ಪ್ರಶಸ್ತಿ ಪಡೆಯಿತು. ಆ ಹೊಸ ವಿಭಾಗ ಬಾರದಿದ್ದುದು ಬಹಳ ಒಳ್ಳೆಯದಾಯಿತು ಎಂದು ನನ್ನ ದೃಢ ನಂಬಿಕೆ. ಟಿಕೆಟ್ ಎಷ್ಟು ಮಾರಿತು ಎಂಬುದಕ್ಕೆ ಗಲ್ಲಾಪೆಟ್ಟಿಗೆಯೇ ಬಹುಮಾನ. ಅದಕ್ಕೆ ಇನ್ನೊಂದು ಮೂರ್ತಿ ಬೇಡ. ಬೃಹತ್ ಚಿತ್ರಗಳಲ್ಲಿ ಹೆಚ್ಚಿನವು ಹಳೆಯ ಅಚ್ಚಿನಲ್ಲಿ ಹೊಸದಾಗಿ ಎರಕ ಹೊಯ್ದವು, ಅವುಗಳಿಗೆ ಪ್ರಶಸ್ತಿ ಬರದಿದ್ದರೆ ನನಗೆ ಬೇಸರವಿಲ್ಲ. ನಾನು ಕೇಳುವುದು ಇಷ್ಟೇ: ಜನ ನೋಡಿದರು ಎಂಬ ಕಾರಣಕ್ಕೆ ಬಹುಮಾನ ಬೇಡ, ಜನ ನೋಡಿದರು ಎಂಬ ಕಾರಣಕ್ಕೆ ಅನುಮಾನವೂ ಬೇಡ.

2022ರ ಸಮಾರಂಭ ನನಗೆ ಮರೆಯಲಾಗದ ನೋವು. ಅನಿಮೇಷನ್ ಕಿರುಚಿತ್ರವೂ ಸೇರಿ ಎಂಟು ವಿಭಾಗಗಳ ಪ್ರಶಸ್ತಿಗಳನ್ನು ನೇರಪ್ರಸಾರಕ್ಕೆ ಮೊದಲೇ ಕೊಟ್ಟು ಮುಗಿಸಿದರು. ಆಮೇಲೆ ಅನಿಮೇಷನ್ ಚಿತ್ರದ ಪ್ರಶಸ್ತಿ ಕೊಡಲು ವೇದಿಕೆಗೆ ಬಂದವರು, ಈ ಚಿತ್ರಗಳನ್ನು ಮಕ್ಕಳು ಮತ್ತೆ ಮತ್ತೆ ನೋಡುತ್ತಾರೆ, ಅಪ್ಪ ಅಮ್ಮಂದಿರಿಗೆ ಆ ಪಾಡು ಗೊತ್ತು ಎಂಬ ಅರ್ಥದ ತಮಾಷೆ ಮಾಡಿದರು. ಅದನ್ನು ಬರೆದುಕೊಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ. ಆದರೆ ಆ ಐದು ಹೆಸರುಗಳಲ್ಲಿ ಒಂದು ‘ಫ್ಲೀ’. ಅಫ್ಗಾನಿಸ್ತಾನದಿಂದ ಬಾಲ್ಯದಲ್ಲೇ ಓಡಿಬಂದ ನಿರಾಶ್ರಿತನೊಬ್ಬ ತನ್ನ ಬದುಕನ್ನು ಮೊದಲ ಬಾರಿಗೆ ಪೂರ್ತಿಯಾಗಿ ಹೇಳಿಕೊಳ್ಳುವ ಚಿತ್ರ. ಅವನ ಗುರುತು ಬಯಲಾಗಬಾರದೆಂದೇ ಅದನ್ನು ಚಿತ್ರಿಸಿ ಮಾಡಿದ್ದು. ರೇಖೆಗಳು ಅಲ್ಲಿ ಒಂದು ಜೀವಕ್ಕೆ ಮರೆಯಾಗಿ ನಿಂತಿದ್ದವು. ಸಾಕ್ಷ್ಯಚಿತ್ರ, ಅಂತರರಾಷ್ಟ್ರೀಯ ಚಿತ್ರ, ಅನಿಮೇಷನ್ ಮೂರೂ ವಿಭಾಗಗಳಲ್ಲಿ ಅದಕ್ಕೆ ನಾಮನಿರ್ದೇಶನವಿತ್ತು. ಆ ತಮಾಷೆ ಕೇಳುತ್ತ ಅದನ್ನು ಮಾಡಿದವರು ಸಭೆಯಲ್ಲಿ ಕೂತಿದ್ದರೆಂದು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಮರುವರ್ಷ ಗಿಯೆರ್ಮೊ ಡೆಲ್ ಟೊರೊ ತಮ್ಮ ‘ಪಿನೋಕಿಯೊ’ಗೆ ಪ್ರಶಸ್ತಿ ಪಡೆದಾಗ, ಅನಿಮೇಷನ್ ಎಂದರೆ ಸಿನಿಮಾ ಎಂದು ವೇದಿಕೆಯ ಮೇಲೆ ನಿಂತು ಹೇಳಿದರು. ‘ಸ್ನೋ ವೈಟ್’ ಬಂದು ಎಂಬತ್ತೈದು ವರ್ಷಗಳಾದ ಮೇಲೂ ಇದನ್ನು ಬಿಡಿಸಿ ಹೇಳಬೇಕಾಗಿತ್ತು.

2025ರ ಏಪ್ರಿಲ್‌ನಲ್ಲಿ ಅಕಾಡೆಮಿ ಹೊಸ ನಿಯಮ ಪ್ರಕಟಿಸಿತು. ಯಾವುದೇ ವಿಭಾಗದ ಅಂತಿಮ ಸುತ್ತಿನಲ್ಲಿ ಮತ ಹಾಕಬೇಕಾದರೆ ಆ ವಿಭಾಗದ ಎಲ್ಲ ಚಿತ್ರಗಳನ್ನೂ ಸದಸ್ಯರು ನೋಡಿರಲೇಬೇಕು. ಅದನ್ನು ಓದಿ ನಾನು ಆ ಹಿರಿಯರನ್ನು ನೆನೆದುಕೊಂಡೆ. ನೋಡಿ ತಿರಸ್ಕರಿಸಿದ್ದರೆ ಅಂದು ನಾನು ವಾದ ಮಾಡುತ್ತಿದ್ದೆ, ಆ ವಾದದಲ್ಲಿ ಸುಖವೂ ಇರುತ್ತಿತ್ತು.

ನೋಡುವುದು ಎಂದೆ. ಕೆಲವು ತಿಂಗಳ ಹಿಂದೆ ಮಗಳ ಜೊತೆ ‘ಸ್ಪೈಡರ್ ಮ್ಯಾನ್: ಇನ್‌ಟು ದಿ ಸ್ಪೈಡರ್ ವರ್ಸ್’ ಮತ್ತೆ ನೋಡುತ್ತಿದ್ದೆ. ಕಾಡಿನ ಮರಗಳ ನಡುವೆ ಪೀಟರ್ ಮತ್ತು ಮೈಲ್ಸ್ ಜೋತಾಡುತ್ತ ಸಾಗುವ ದೃಶ್ಯ. ‘ಮೈಲ್ಸ್ ಯಾಕೋ ತಡವರಿಸುತ್ತಿದ್ದಾನೆ’ ಎಂದಳು ಅವಳು. ಚಿತ್ರ ನಿಲ್ಲಿಸಿ, ಗುಂಡಿ ಒತ್ತುತ್ತ ಒಂದೊಂದೇ ಫ್ರೇಮ್ ಮುಂದೆ ಸರಿಸಿದೆವು. ಸೆಕೆಂಡಿಗೆ 24 ಫ್ರೇಮ್. ನುರಿತ ಪೀಟರ್ ಪ್ರತಿ ಫ್ರೇಮ್‌ಗೂ ಹೊಸ ಭಂಗಿಯಲ್ಲಿದ್ದಾನೆ. ಈಗಷ್ಟೇ ಕಲಿಯುತ್ತಿರುವ ಮೈಲ್ಸ್‌ನ ಒಂದೊಂದು ಭಂಗಿಯೂ ಎರಡೆರಡು ಫ್ರೇಮ್ ನಿಲ್ಲುತ್ತದೆ. ಅಂದರೆ ಸೆಕೆಂಡಿಗೆ 12. ಇಬ್ಬರೂ ಒಂದೇ ತೆರೆಯಲ್ಲಿ, ಬೇರೆ ಬೇರೆ ಕಾಲದಲ್ಲಿ ಹಾರುತ್ತಿದ್ದಾರೆ. ಹುಡುಗ ಇನ್ನೂ ಪಳಗಿಲ್ಲ ಎಂಬುದನ್ನು ಯಾರೂ ಮಾತಲ್ಲಿ ಹೇಳಬೇಕಿಲ್ಲ, ಅವನ ಸಮಯವೇ ಹೇಳುತ್ತಿದೆ. ಅವನು ಪಳಗಿದಂತೆ ಚಲನೆಯೂ ನುಣುಪಾಗುತ್ತದೆ. ಮಗಳು ಗುಂಡಿಯನ್ನು ನನ್ನ ಕೈಯಿಂದ ಕಸಿದುಕೊಂಡು ಎಣಿಸುತ್ತಲೇ ಹೋದಳು. ಈ ಚಿತ್ರಕ್ಕೆ ಅನಿಮೇಷನ್ ವಿಭಾಗದ ಆಸ್ಕರ್ ಬಂತು. ಬೇರೆ ಯಾವ ವಿಭಾಗದಲ್ಲೂ ಒಂದು ನಾಮನಿರ್ದೇಶನವೂ ಇರಲಿಲ್ಲ.

2025ರಲ್ಲಿ ಅನಿಮೇಷನ್ ಪ್ರಶಸ್ತಿ ಗೆದ್ದದ್ದು ಲಾಟ್ವಿಯಾದ ‘ಫ್ಲೋ’. ಒಂದೂ ಮಾತಿಲ್ಲದ ಚಿತ್ರ. ಗಿಂಟ್ಸ್ ಜಿಲ್ಬಲೋಡಿಸ್ ಮತ್ತು ಅವರ ಚಿಕ್ಕ ತಂಡ ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿದ್ದು. ಎದುರಿಗೆ, ಹಿಂದಿನ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಗಳಿಸಿದ ‘ಇನ್‌ಸೈಡ್ ಔಟ್ 2’ ಇತ್ತು. ಲಾಟ್ವಿಯಾಗೆ ಇದು ಮೊದಲ ಆಸ್ಕರ್. ಅದಕ್ಕೂ ಮುಂಚೆ ಆ ಚಿತ್ರ ಗೆದ್ದ ಗೋಲ್ಡನ್ ಗ್ಲೋಬ್ ಪ್ರಶಸ್ತಿಯನ್ನು ರೀಗಾದ ರಾಷ್ಟ್ರೀಯ ಕಲಾ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದರು. ಅದನ್ನು ನೋಡಲು ಜನ ಸಾಲುಗಟ್ಟಿ ನಿಂತರು. ಚಿತ್ರಕಲೆ, ಶಿಲ್ಪಗಳು ಇರುವ ಮನೆಯಲ್ಲಿ, ಅವುಗಳ ಜೊತೆಗೇ.

‘ಫ್ಲೋ’ ಶುರುವಾಗುವಾಗ ಕಪ್ಪು ಬೆಕ್ಕೊಂದು ನೀರಿನಲ್ಲಿ ತನ್ನ ಬಿಂಬ ನೋಡಿಕೊಳ್ಳುತ್ತದೆ. ಒಂಟಿ ಬಿಂಬ. ಪ್ರಳಯವೇ ಬಂದುಹೋದ ಮೇಲೆ, ಕೊನೆಯಲ್ಲಿ ಅದು ಮತ್ತೆ ನೀರಿಗೆ ಬಗ್ಗುತ್ತದೆ. ಈಗ ಅಲ್ಲಿ ನಾಯಿ, ಲೀಮರ್, ಕ್ಯಾಪಿಬಾರಾ ಕೂಡ ಇವೆ. ಮಗಳು ಅಲ್ಲಿ ನಿಲ್ಲಿಸಿದಳು. ‘ಮೊದಲನೇದು ತೋರಿಸು’ ಎಂದಳು. ಹಿಂದಕ್ಕೆ ಹೋಗಿ ನೋಡಿದೆವು, ಮತ್ತೆ ಕೊನೆಗೆ ಬಂದೆವು.